ಮೆಟ್ಟಿಲ ಕೆಳಗಿನ ಸೋಮವಾರಗಳು

ಊಟವಾದ ಮೇಲೆ ಕೆಲವರಿಗೆ ಎಲೆ ಅಡಿಕೆ ಬೇಕು, ಕೆಲವರಿಗೆ ಸಣ್ಣದೊಂದು ನಿದ್ದೆ ಬೇಕು. ನನಗೆ ಹಳೆಯ ಯಾವುದಾದರೂ ಒಂದು ದಿನ ಬೇಕು. ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದು, ಕಂಪ್ಯೂಟರಿನ ಮುಂದೆ ಕೂತು, ಪರದೆಯ ಮೂಲೆಯಲ್ಲಿರುವ ‘ಹಿಂದಿನದು’ ಎಂಬ ಗುರುತನ್ನು ಒತ್ತುತ್ತೇನೆ. ನಮ್ಮ ಮನೆಯ ಮೆಟ್ಟಿಲ ಕೆಳಗಿರುವ ಮುದಿ ಕಂಪ್ಯೂಟರ್ ಒಂದೆರಡು ಸಲ ಗುರುಗುಟ್ಟುತ್ತದೆ. ಆಮೇಲೆ ನನ್ನ ಪರದೆಯ ಮೇಲೆ ಫೋಲ್ಡರುಗಳು ಸಾಲಾಗಿ ಬಂದು ನಿಲ್ಲುತ್ತವೆ. ಒಂದೊಂದರ ಮೇಲೂ ಒಂದೊಂದು ತಾರೀಕು, ಪಕ್ಕದಲ್ಲಿ ವಾರದ ಹೆಸರು. ಯಾವುದನ್ನು ತೆರೆದರೂ ಆ ದಿನ ಸಂಜೆ ನನ್ನ ಕಂಪ್ಯೂಟರ್ ಹೇಗಿತ್ತೋ ಹಾಗೇ ಇಡಿಯಾಗಿ ಕಾಣುತ್ತದೆ. ಆವತ್ತಿನ ಮದುವೆ ಕಾರ್ಡು, ಆವತ್ತಿನ ಫ್ಲೆಕ್ಸು, ಆವತ್ತು ನಾನು ‘ಇದೇ ಕೊನೆ’ ಎಂದು ಹೆಸರಿಟ್ಟು ಮಾರನೆಯ ದಿನ ಮತ್ತೆ ತಿದ್ದಿದ ಕಡತ, ಎಲ್ಲವೂ ಇದ್ದಲ್ಲೇ ಇರುತ್ತವೆ.

ಹೀಗೆ ನಾನು ಕಳೆದ ವರ್ಷದ ಯಾವುದೋ ಗುರುವಾರದಲ್ಲಿ ಸುತ್ತಾಡುತ್ತಿರುವಾಗ ಅಪ್ಪ ಹಿಂದಿನ ಸ್ಟೂಲಿನಿಂದ ಕೇಳುತ್ತಾರೆ: “ಇವತ್ತು ಯಾವ ದಿನ್ದಾಗಿದ್ದೀಯ ಅಮ್ಮಣ್ಣಿ?”

ನಾನು ದಿನ ಹೇಳುತ್ತೇನೆ. ಅವರು “ಓ” ಎನ್ನುತ್ತಾರೆ. ಪಕ್ಕದೂರಿಗೆ ಹೋದವಳು ಫೋನಿನಲ್ಲಿ ಸಿಕ್ಕರೆ ಕೇಳುವಂತೆ ಅವರು ಅದನ್ನು ಸಹಜವಾಗಿ ಕೇಳುತ್ತಾರೆ. ಇಂಥ ಅಪ್ಪ ಇರುವವಳಿಗೆ ಇಂಥ ಚಟ ಹತ್ತಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನಮ್ಮದು ವರ್ತೂರಿನಲ್ಲಿ ಕೆರೆ ಏರಿಯ ಕಡೆಗೆ ತಿರುಗುವ ರಸ್ತೆಯಲ್ಲಿ ಒಂದು ಡಿಟಿಪಿ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆ ಕಾರ್ಡು, ನಾಮಕರಣ, ಗೃಹಪ್ರವೇಶ, ‘ಬಾಡಿಗೆಗೆ ಇದೆ’ ಬೋರ್ಡು, ಹುಟ್ಟುಹಬ್ಬದ ಫ್ಲೆಕ್ಸು, ಜೊತೆಗೆ ಜೆರಾಕ್ಸು. ಈ ಕಸುಬಿನ ಒಳಗುಟ್ಟೊಂದನ್ನು ನಿಮಗೆ ಹೇಳಿಬಿಡುತ್ತೇನೆ. ನಾವು ಯಾರೂ ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ಹಿಂದಿನ ಗಿರಾಕಿಯ ಕಾರ್ಡನ್ನು ತೆರೆಯುತ್ತೇವೆ, ಅದರಲ್ಲಿರುವ ವರನನ್ನು ಅಳಿಸಿ ಈ ವರನನ್ನು ಕೂರಿಸುತ್ತೇವೆ, ವಧುವನ್ನು ಬದಲಿಸುತ್ತೇವೆ, ಛತ್ರ ಬದಲಿಸುತ್ತೇವೆ, ಉಳಿಸಿ ಎಂದು ಒತ್ತುತ್ತೇವೆ. ಹಳೆಯ ಮದುವೆಯ ಮೇಲೆ ಹೊಸ ಮದುವೆ ಕೂರುತ್ತದೆ. ವರ್ತೂರು, ಗುಂಜೂರು, ಪಣತ್ತೂರು ಕಡೆಯ ಎಷ್ಟೋ ದಂಪತಿಗಳು ನನ್ನ ಒಂದೇ ಕಡತದಲ್ಲಿ ಒಬ್ಬರ ಮೇಲೊಬ್ಬರು ಸಂಸಾರ ಮಾಡಿದ್ದಾರೆ.

ಇದರಲ್ಲಿ ಎಡವಟ್ಟಾಗದೆ ಇರುತ್ತದೆಯೇ? ಒಮ್ಮೆ ಒಂದು ಕಾರ್ಡಿನಲ್ಲಿ ‘ಸುಖಾಗಮನ ಬಯಸುವವರು’ ಎಂಬಲ್ಲಿ ಹಿಂದಿನ ಮದುವೆಯ ಚಿಕ್ಕಮುನಿಯಪ್ಪ ಎಂಬುವವರ ಹೆಸರು ಹಾಗೇ ಉಳಿದುಬಿಟ್ಟಿತು. ಗುಂಜೂರಿನ ಚಿಕ್ಕಮುನಿಯಪ್ಪನವರಿಗೆ ಯಾರೋ ಆ ಕಾರ್ಡು ತೋರಿಸಿದರು. ಹೆಸರು ಹಾಕಿಸಿದ್ದಾರೆ ಎಂದಮೇಲೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಅವರು ಇಸ್ತ್ರಿ ಪಂಚೆ ಉಟ್ಟು, ಉಡುಗೊರೆಗೆಂದು ಸ್ಟೀಲಿನ ಕೊಳಗ ಹಿಡಿದು ಮದುವೆಗೆ ಹೋದರು. ಗಂಡಿನ ಕಡೆಯವರು ಇವರು ಹೆಣ್ಣಿನ ಕಡೆಯವರೆಂದುಕೊಂಡರು. ಹೆಣ್ಣಿನ ಕಡೆಯವರು ಗಂಡಿನ ಕಡೆಯ ಹಿರಿಯರೆಂದು ಮೊದಲ ಪಂಕ್ತಿಯಲ್ಲೇ ಕೂರಿಸಿ ಬಡಿಸಿದರು. ವಿಷಯ ಹೊರಬಿದ್ದಾಗ ನನಗೆ ಜ್ವರವೇ ಬಂದಿತ್ತು. ಆದರೆ ಅಷ್ಟರಲ್ಲಿ ಆ ಎರಡೂ ಮನೆಯವರು ಅವರನ್ನು ಬಿಡಲು ತಯಾರಿರಲಿಲ್ಲ. ಈಗಲೂ ಯುಗಾದಿಗೆ ಅವರು ಆ ಮನೆಗೆ ಹೋಗಿ ಒಬ್ಬಟ್ಟು ತಿಂದು ಬರುತ್ತಾರೆ ಎಂದು ಕೇಳಿದ್ದೇನೆ.

ಈ ಕಥೆಯನ್ನು ನಗುನಗುತ್ತ ಸವಿತಾಗೆ ಹೇಳಿದೆ. ಸವಿತಾ ನಮ್ಮ ಮಹಡಿಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದವಳು. ಗದಗದ ಕಡೆಯವಳು, ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸ. ಪಾಳಿಯ ಮೇಲೆ ಹೋಗುತ್ತಿದ್ದುದರಿಂದ ಶನಿವಾರ, ಭಾನುವಾರಗಳಲ್ಲಿ ದುಡಿದು ಸೋಮವಾರ ಮನೆಯಲ್ಲಿರುತ್ತಿದ್ದಳು. ಅವಳು ನಗಲೇ ಇಲ್ಲ.

“ಅಲ್ರಿ ಅಕ್ಕಾರ, ಹಳೇದರ ಮ್ಯಾಲ ಹೊಸಾದು ಬರಕೊಂತ ಹೊಂಟೀರಿ. ನಾಳೆ ಹಳೇದು ಬೇಕಂದ್ರ ಎಲ್ಲಿಂದ ತರ್ತೀರಿ? ಬ್ಯಾಕಪ್ ಇಲ್ಲೇನ್ರಿ?”

“ಪೆನ್ ಡ್ರೈವ್‌ನಲ್ಲಿ ಹಾಕಿಟ್ಟಿದ್ದೀನಲ್ಲಮ್ಮ” ಎಂದೆ.

“ಎಲ್ಲೈತಿ ಅದು?”

ಅದು ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ. ಸವಿತಾ ಹಣೆ ಚಚ್ಚಿಕೊಂಡಳು. ಮುಂದಿನ ವಾರ ಅವಳ ಪರಿಚಯದವರ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಒಂದು ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ಬಂದು ಮೆಟ್ಟಿಲ ಕೆಳಗೆ, ರಾಗಿ ಡ್ರಮ್ಮಿನ ಪಕ್ಕದಲ್ಲಿ ಪ್ರತಿಷ್ಠಾಪಿಸಿದಳು. ನನ್ನ ಕಂಪ್ಯೂಟರಿಗೂ ಅದಕ್ಕೂ ತಂತಿ ಎಳೆದಳು. ಕಪ್ಪು ಪರದೆಯ ಮೇಲೆ ಏನೇನೋ ಬರೆದಳು. ಆಮೇಲೆ ನನ್ನನ್ನೂ ಅಪ್ಪನನ್ನೂ ಕೂರಿಸಿಕೊಂಡು ಪಾಠ ಹೇಳಿದಳು.

“ನೋಡ್ರಿ, ದಿನಾ ಸಂಜಿಮುಂದ ಇದು ನಿಮ್ಮ ಕಂಪ್ಯೂಟರ್‌ನ್ಯಾಗ ಏನು ಬದಲಾಗೇತಿ ಅಷ್ಟ ತಗೊಂಡು ಇಟ್ಕೊಂತೈತಿ. ಎಲ್ಲಾ ಇಡಾಂಗಿಲ್ಲ, ಜಾಗಾ ಸಾಲಂಗಿಲ್ಲ. ಆದ್ರ ನೀವು ಈ ಬಟನ್ ಒತ್ತಿದ್ರ ಮೌಂಟ್ ಆಗಿ, ಆವತ್ತಿನ ಇಡೀ ಕಂಪ್ಯೂಟರ್ ಇದ್ದಂಗ ಕಾಣಸ್ತೈತಿ. ಖರೇ ಫೋಲ್ಡರ್ ಅಲ್ಲ ಅದು, ನೀವು ನೋಡೂಮುಂದ ಜೋಡಿಸಿ ತೋರಸ್ತೈತಿ. ಒಳಗ ಹೋಗ್ರಿ, ಅಡ್ಡಾಡ್ರಿ, ಬೇಕಾದ್ದು ನಕಲು ತಗೊಂಡು ಬರ್ರಿ. ಆದ್ರ ಅಲ್ಲೇನೂ ತಿದ್ದಾಕ ಬರಂಗಿಲ್ಲ.”

ನನಗೆ ಅರ್ಥವಾಗಿದ್ದು ಕಾಲುಭಾಗ. ಅಪ್ಪ ಮಾತ್ರ ತಲೆಯಾಡಿಸಿದರು. “ಗೋಡೆ ಇದ್ದಂಗೆ ಅನ್ನು. ಸೋಪಿನ್ ಜಾಯಿರಾತು ಕೆರದ್ರೆ ಕೆಳಗೆ ಗೊಬ್ರದ್ ಜಾಯಿರಾತು ಸಿಕ್ತದೆ, ಅದುನ್ ಕೆರದ್ರೆ ಎಲೆಕ್ಷನ್ನು” ಎಂದರು. ಸವಿತಾ ಚಪ್ಪಾಳೆ ತಟ್ಟಿದಳು. ನಾನು ಅವಳಿಗೆ ಆವತ್ತು ಹುರುಳಿಕಾಳಿನ ಬಸ್ಸಾರು ಕೊಟ್ಟೆ. ಅವಳು ಕೊಟ್ಟಿದ್ದಕ್ಕೆ ಅದು ಎಲ್ಲಿಯ ಸಾಟಿ ಎಂದು ನನಗೆ ತಿಳಿದದ್ದು ಬಹಳ ಆಮೇಲೆ.

ಅಪ್ಪನಿಗೆ ಗೋಡೆಯ ಮಾತೇ ಮೊದಲು ನೆನಪಾಗಲು ಕಾರಣವಿದೆ. ಅವರು ಬೋರ್ಡು ಬರೆಯುತ್ತಿದ್ದವರು. ಸುತ್ತಮುತ್ತಲಿನ ಊರುಗಳಲ್ಲಿ ಆರ್ಟಿಸ್ಟ್ ನಂಜಪ್ಪ ಎಂದರೆ ಗೊತ್ತಿಲ್ಲದವರಿರಲಿಲ್ಲ. ಸೈಕಲ್ಲಿನ ಹಿಂದೆ ಬಣ್ಣದ ಡಬ್ಬಗಳ ಗೋಣಿಚೀಲ, ಮುಂದಿನ ಬಾರಿನ ಮೇಲೆ ನಾನು. ನನ್ನ ಕೆಲಸ ದಾರ ಹಿಡಿಯುವುದು. ಸೀಮೆಸುಣ್ಣ ತಿಕ್ಕಿದ ದಾರದ ಒಂದು ತುದಿಯನ್ನು ನಾನು ಗೋಡೆಗೆ ಒತ್ತಿ ಹಿಡಿಯಬೇಕು, ಇನ್ನೊಂದು ತುದಿಯನ್ನು ಅಪ್ಪ ಎಳೆದು ಹಿಡಿದು, ನಡುವೆ ಬೆರಳಿನಿಂದ ಮೀಟಬೇಕು. ಪಟ್ಟೆಂದು ಸದ್ದಾಗಿ ಗೋಡೆಯ ಮೇಲೆ ಬಿಳಿ ಗೆರೆ ಮೂಡುತ್ತಿತ್ತು. ಆ ಗೆರೆಯ ಮೇಲೆ ಅಕ್ಷರಗಳು ಬಂದು ಕೂರುತ್ತಿದ್ದವು. ನಾನು ಆಕಡೆ ಈಕಡೆ ನೋಡಿ ದಾರ ಸಡಿಲ ಬಿಟ್ಟರೆ ಗೆರೆ ಎರಡಾಗಿ ಬೀಳುತ್ತಿತ್ತು. ಆಗ ಅಪ್ಪ ಬೈಯುತ್ತಿರಲಿಲ್ಲ, ಸೊಂಟದಲ್ಲಿದ್ದ ಬಟ್ಟೆ ತೆಗೆದು ಒರೆಸುತ್ತಿದ್ದರು.

ಆ ಬಟ್ಟೆಯ ಬಗ್ಗೆ ಹೇಳದಿದ್ದರೆ ಅಪ್ಪನ ಬಗ್ಗೆ ಹೇಳಿದಂತೆಯೇ ಅಲ್ಲ. ಟರ್ಪೆಂಟೈನ್ ಕುಡಿದು ಕುಡಿದು ಬಣ್ಣಗೆಟ್ಟ ಹಳೆಯ ಪಂಚೆಯ ತುಂಡು ಅದು. ಅಪ್ಪನಿಗೆ ಒಪ್ಪಿಗೆಯಾಗದ ಅಕ್ಷರ ಜಗತ್ತಿನಲ್ಲಿ ಇರಕೂಡದು. ಅಂಗಡಿಯವನು “ಚೆನ್ನಾಗೈತಲ್ಲ ನಂಜಣ್ಣ, ಬಿಡಣ್ಣ” ಎಂದು ಅಂಗಲಾಚಿದರೂ ಒರೆಸಿಯೇ ಒರೆಸುತ್ತಿದ್ದರು. ಅಮ್ಮನಿಗೆ ಇದೊಂದು ತಲೆನೋವು. ಸಂಜೆ ಅವರ ಉಗುರಿನ ಸಂದಿಯ ಬಣ್ಣವನ್ನು ಸೀಮೆಎಣ್ಣೆ ಹಾಕಿ ತಿಕ್ಕುವಾಗ “ಬರ್ದಿದ್ದಕ್ಕಿಂತ ಒರ್ಸಿದ್ದೇ ಜಾಸ್ತಿ ಇರ್ಬೇಕು ಇವತ್ತು” ಎನ್ನುತ್ತಿದ್ದಳು. ಅಮ್ಮ ಹೋಗಿ ವರ್ಷಗಳಾದವು. ಟರ್ಪೆಂಟೈನ್ ವಾಸನೆ ಎಲ್ಲಿ ಬಂದರೂ ನನಗೆ ಈಗಲೂ ಆ ಜಗಲಿ, ಆ ಇಬ್ಬರು ಕಾಣುತ್ತಾರೆ.

ನಾನು ಓದಲು ಕಲಿತದ್ದು ಶಾಲೆಯಲ್ಲಲ್ಲ, ಅಪ್ಪನ ಬೋರ್ಡಿನ ಮೇಲೆ. ನಮ್ಮ ಮನೆಯೆದುರಿಗೇ ಮುನಿರಾಜಣ್ಣನ ಸೈಕಲ್ ಷಾಪು. ಹಳದಿ ತಗಡಿನ ಮೇಲೆ ಕೆಂಪಿನಲ್ಲಿ ‘ಮುನಿರಾಜು ಸೈಕಲ್ ಷಾಪ್’, ಅದರ ಕೆಳಗೆ ಕಪ್ಪಿನಲ್ಲಿ ‘ಇಲ್ಲಿ ಪಂಚರ್ ಹಾಕಲಾಗುವುದು’. ಜಗಲಿಯ ಮೇಲೆ ಕೂತು ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಆ ಅಕ್ಷರಗಳನ್ನು ನಾನು ಬರೆಯುತ್ತಿದ್ದೆ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಏನಾದರೂ ಬರೆ ಎಂದು ಸ್ಲೇಟು ಕೊಟ್ಟರೆ ನಾನು ಪಂಚರ್ ಹಾಕಲಾಗುವುದು ಎಂದು ಬರೆದೆನಂತೆ. ನನ್ನ ವಿದ್ಯೆಯ ಬುನಾದಿ ಅದು.

ಫ್ಲೆಕ್ಸ್ ಬಂದಮೇಲೆ ಅಪ್ಪನ ಕೆಲಸ ಕಡಿಮೆಯಾಗುತ್ತ ಬಂತು. ನಾನು ಡಿಟಿಪಿ ಕಲಿತು ಈ ಅಂಗಡಿ ಇಟ್ಟೆ. ಅಪ್ಪ ನನ್ನ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂತರು. ಅಂದಿನಿಂದ ನನ್ನ ಒಂದು ಕೆಲಸವೂ ಅವರ ಟೀಕೆಯಿಲ್ಲದೆ ಹೊರಗೆ ಹೋಗಿಲ್ಲ. “ಆ ಅಕ್ಷರ ಅದ್ಯಾಕಂಗೆ ಪಕ್ಕದೋನ್ ಮೈಮೇಲ್ ಬಿದ್ದದೆ, ಒಂಚೂರು ಅತ್ಲಾಗ್ ನೂಕು.” ಬೇಸರ ಕಳೆಯಲು ಕಂಪ್ಯೂಟರಿನ ಇಸ್ಪೀಟು ಆಟ ಕಲಿಸಿದೆ. ಇಸ್ಪೀಟಿನ ದೆಸೆಯಿಂದ ಮೌಸು ಹಿಡಿಯುವುದು ಬಂತು. ಎಲೆ ಎಳೆಯುವುದು ಬಂದವರಿಗೆ ಅಕ್ಷರ ಎಳೆಯುವುದು ಎಷ್ಟರದು? ಕಡತ ತೆರೆಯುವುದು, ಉಳಿಸುವುದೂ ಬಂತು.

ಅಪ್ಪನ ಅಕ್ಷರಗಳನ್ನೇ ಕಂಪ್ಯೂಟರಿಗೆ ಏರಿಸಿದರೆ ಹೇಗೆ ಎಂದು ಯೋಚನೆ ಬಂದದ್ದು ಸವಿತಾಳ ಯಂತ್ರ ಬಂದ ಹೊಸದರಲ್ಲಿ. ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಒಂದೊಂದು ಅಕ್ಷರವನ್ನೂ ಅವರು ಕಪ್ಪು ಬಣ್ಣದಲ್ಲಿ ಬರೆದುಕೊಟ್ಟರು. ನಾನು ಸ್ಕ್ಯಾನ್ ಮಾಡಿ, ಅಂಚಿನ ಮೇಲೆ ಗೆರೆ ಎಳೆದು, ಎಲ್ಲವನ್ನೂ ಸಾಲಾಗಿ ಒಂದೇ ಕಡತದಲ್ಲಿ ಕೂರಿಸಿ ‘ಅಪ್ಪನ ಅಕ್ಷರ’ ಎಂದು ಹೆಸರಿಟ್ಟೆ. ಕಂಪ್ಯೂಟರಿನೊಳಗೆ ಹೋಯಿತಲ್ಲ, ಇನ್ನು ಕಾಗದ ಯಾಕೆ ಎಂದು ಅಪ್ಪ ಆ ಕ್ಯಾಲೆಂಡರುಗಳನ್ನೆಲ್ಲ ಹಂಡೆಯ ಒಲೆಗೆ ಹಾಕಿ ನೀರು ಕಾಯಿಸಿಕೊಂಡು ಸ್ನಾನ ಮಾಡಿದರು. ನಿಜ ಹೇಳಬೇಕೆಂದರೆ ಆ ಕಡತವನ್ನು ತೆರೆಯುವ ಸಂದರ್ಭ ನನಗೆ ಹೆಚ್ಚು ಬರಲೇ ಇಲ್ಲ. ನಮ್ಮ ಗಿರಾಕಿಗಳಿಗೆ ಬೇಕಾದದ್ದು ಚಿನ್ನದ ಬಣ್ಣ, ಹಿಂದೆ ನೆರಳು, ಸುತ್ತ ಬೆಂಕಿ ಉರಿಯುವ ಅಕ್ಷರಗಳು.

ಇದಾಗಿ ಸ್ವಲ್ಪ ಕಾಲದಲ್ಲಿ ಅಪ್ಪನ ಬಲಗೈ ನಡುಗಲು ಶುರುವಾಯಿತು. ಟೀ ಲೋಟ ತಟ್ಟೆಯ ಮೇಲೆ ಟಕಟಕ ಎನ್ನುವುದು ಕೇಳಿ ನನಗೆ ಗೊತ್ತಾಯಿತು. ಡಾಕ್ಟರು ಮಾತ್ರೆ ಕೊಟ್ಟರು. ಕುಂಚಗಳನ್ನು ಅಪ್ಪ ತೊಳೆದು, ಒಣಗಿಸಿ, ಕಾಗದದಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು.

ಆಮೇಲೆ ರಸ್ತೆ ಅಗಲ ಮಾಡುವವರು ಬಂದು ಮುನಿರಾಜಣ್ಣನ ಅಂಗಡಿಯ ಮುಂಭಾಗವನ್ನು ಕೆಡವಿದರು. ಹಳದಿ ಬೋರ್ಡು ಜೆಸಿಬಿಯ ಬಾಯಿಗೆ ಸಿಕ್ಕಿ ಮುದುರಿಹೋಯಿತು. ಉಳಿದ ಹಿಂಭಾಗಕ್ಕೆ ಹೊಸ ಷಟರ್ ಹಾಕಿಸಿ, ಅಪಾರ್ಟ್‌ಮೆಂಟಿನವರ ಗೇರ್ ಸೈಕಲ್ಲುಗಳನ್ನು ರಿಪೇರಿ ಮಾಡಲು ಸಜ್ಜಾದ ಮುನಿರಾಜಣ್ಣ ಒಂದು ದಿನ ನನ್ನ ಅಂಗಡಿಗೆ ಬಂದು ಕೂತರು.

“ಭಾಗ್ಯಮ್ಮ, ಬೋರ್ಡ್ ಆಗ್ಬೇಕು. ಆದ್ರೆ ನಿನ್ ಬೆಂಕಿಗಿಂಕಿ ಅಕ್ಷರ ಬ್ಯಾಡ. ನಿಮ್ಮಪ್ಪಂದೇ ಆಗ್ಬೇಕು. ಅದೇ ಅಳದಿ, ಅದೇ ಕೆಂಪು. ಅಂಗ್ಡಿ ಅರ್ದ ಓಯ್ತು, ಬೋರ್ಡಾದ್ರೂ ಪೂರ್ತಿ ಇರ್ಲಿ.”

ಅಪ್ಪನ ಕೈ ನಡುಗುವುದು ಅವರಿಗೂ ಗೊತ್ತಿತ್ತು. “ಕಂಪ್ಯೂಟರ್‌ನಾಗೈತಂತಲ್ಲ” ಎಂದು ಮೆಲ್ಲಗೆ ಸೇರಿಸಿದರು. ನಾನು ಬಹಳ ಹುರುಪಿನಿಂದ ‘ಅಪ್ಪನ ಅಕ್ಷರ’ ತೆರೆದೆ. ಸಾಲುಗಳ ನಡುವೆ ಖಾಲಿ ಜಾಗಗಳಿದ್ದವು. ರ ಇರಲಿಲ್ಲ, ಜ ಇರಲಿಲ್ಲ, ಸ, ಷ ಇರಲಿಲ್ಲ, ಇನ್ನೂ ಏನೇನೋ ಇರಲಿಲ್ಲ. ಹಲ್ಲು ಉದುರಿದ ಬಾಯಿಯಂತೆ ಕಡತ ನನ್ನನ್ನು ನೋಡಿತು. ಮುನಿರಾಜಣ್ಣನಿಗೆ ಎರಡು ದಿನ ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿದೆ. ಆ ಅಕ್ಷರಗಳು ಬರೆದ ಕೈಯಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ, ಇನ್ನು ಇಲ್ಲೂ ಇಲ್ಲವೆಂದರೆ ಎಲ್ಲೂ ಇಲ್ಲ ಎಂದೇ ಅರ್ಥ. ಇದು ನಮ್ಮ ಕಸುಬಿನ ಚಾಳಿಯೇ ಮಾಡಿದ ಕೆಲಸ, ಯಾವುದೋ ಆತುರದ ದಿನ ಆ ಕಡತವನ್ನು ತೆರೆದು, ಬೇಡವಾದದ್ದನ್ನು ಅಳಿಸಿ, ಉಳಿಸಿ ಎಂದು ಒತ್ತಿರಬೇಕು ಎಂದುಕೊಂಡೆ.

ಮಾರನೆಯ ದಿನ, ಕೊಳಚೆ ಸೇರಿದ ನಮ್ಮ ಕೆರೆಯಲ್ಲಿ ಏಳುವ ನೊರೆ ಗಾಳಿಗೆ ರಸ್ತೆಗೆ ಹಾರಿ ಬರುತ್ತಿತ್ತು. ಅಂಥ ದಿನ ಗಿರಾಕಿಗಳು ಈ ಕಡೆ ತಲೆ ಹಾಕುವುದಿಲ್ಲ. ಊಟವಾದ ಮೇಲೆ ‘ಹಿಂದಿನದು’ ಒತ್ತಿದೆ. ಅಲ್ಲಿಯವರೆಗೆ ಅದನ್ನು ಒಂದೆರಡು ಸಲ ಮಾತ್ರ ತೆರೆದಿದ್ದೆ. ಮೆಟ್ಟಿಲ ಕೆಳಗೆ ಗುರುಗುಟ್ಟಿತು. ಹೋದ ತಿಂಗಳಿನ ಒಂದು ದಿನಕ್ಕೆ ಹೋಗಿ ಕಡತ ತೆರೆದೆ. ಖಾಲಿ ಜಾಗಗಳು ಹಾಗೇ ಇದ್ದವು. ಅದಕ್ಕೂ ಹಿಂದೆ ಹೋದೆ. ಷ ಬಂದಿತ್ತು! ಇನ್ನೂ ಹಿಂದೆ ಹೋದೆ, ಸ ಬಂತು. ಹಿಂದಿನ ದಿನಗಳಿಗೆ ಇಳಿಯುತ್ತ ಹೋದಂತೆ ಒಂದೊಂದೇ ಅಕ್ಷರ ವಾಪಸು ಬಂದು ತನ್ನ ಜಾಗದಲ್ಲಿ ಕೂರುತ್ತಿತ್ತು. ನಾನು ಕುರ್ಚಿಯಲ್ಲೇ ಕುಣಿಯುತ್ತಿದ್ದೆ.

“ಅಪ್ಪಾ, ಜ ಸಿಕ್ತು! ರ ಸಿಕ್ತು ನೋಡಿ!”

ಅಪ್ಪ ಪೇಪರ್ ಓದುತ್ತಿದ್ದರು. ತಲೆಯೆತ್ತಲಿಲ್ಲ.

ಆಗ ನನ್ನ ಕಣ್ಣು ಫೋಲ್ಡರಿನ ಹೆಸರುಗಳ ಮೇಲೆ ಬಿತ್ತು. ಭಾನುವಾರದ ಫೋಲ್ಡರಿನಲ್ಲಿದ್ದ ಷ ಮಾರನೆಯ ದಿನದ್ದರಲ್ಲಿ ಇರಲಿಲ್ಲ, ಅಂದರೆ ಅದು ಹೋದದ್ದು ಒಂದು ಸೋಮವಾರ. ಸ ಹೋದದ್ದೂ ಸೋಮವಾರ. ಜ, ರ, ಎಲ್ಲವೂ ಸೋಮವಾರಗಳಲ್ಲೇ ಹೋಗಿದ್ದವು. ಸೋಮವಾರ ನಾನು ಕಾಗದ ತರಲು ಚಿಕ್ಕಪೇಟೆಗೆ ಹೋಗುತ್ತೇನೆ. ವಾಪಸು ಬರುವುದು ಸಂಜೆಗೆ.

“ಅಪ್ಪ, ಸೋಮವಾರ ಅಂಗಡೀಲಿ ಯಾರಿರ್ತಾರೆ?”

ಪೇಪರಿನ ಹಿಂದಿನಿಂದ ದನಿ ಬಂತು. “ನಾನಿರ್ತೀನಿ.”

ಆಮೇಲೆ ಅವರು ಪೇಪರ್ ಮಡಚಿಟ್ಟರು. “ಅವು ಸರೀಗ್ ಬಂದಿರ್ಲಿಲ್ಲ ಕಣಮ್ಮಣ್ಣಿ. ಅದ್ಕೇ ಒರ್ಸ್ದೆ.”

“ಎಲ್ಲಿ ಸರಿಯಾಗಿಲ್ಲ? ಚೆನ್ನಾಗೇ ಇವೆಯಲ್ಲಪ್ಪ!”

“ದೊಡ್ದು ಮಾಡಿ ನೋಡು.”

ಸ ಅಕ್ಷರವನ್ನು ದೊಡ್ಡದು ಮಾಡಿದೆ, ಪರದೆ ತುಂಬುವಷ್ಟು. ಬಾಗಿದ ಹೊಟ್ಟೆಯ ಅಂಚಿನಲ್ಲಿ ಗೆರೆ ನೇರವಾಗಿರಲಿಲ್ಲ. ಸಣ್ಣಗೆ, ಬಹಳ ಸಣ್ಣಗೆ, ಅಲೆಯಲೆಯಾಗಿತ್ತು. ಜ ಹಾಗೇ, ರ ಹಾಗೇ. ನಾನೇ ಆ ಅಂಚುಗಳ ಮೇಲೆ ಮೌಸಿನಿಂದ ಗೆರೆ ಎಳೆದಿದ್ದೆ, ಸ್ಕ್ಯಾನರಿನ ದೋಷ ಎಂದುಕೊಂಡಿದ್ದೆ.

“ಅವಾಗ್ಲೇ ಸುರುವಾಗಿತ್ತು” ಎಂದರು ಅಪ್ಪ. “ನಿಂಗ್ ಗೊತ್ತಾದ್ರೆ ಎದುರ್ಕೊಂತೀಯ ಅಂತ ಏಳ್ನಿಲ್ಲ. ನಿಧಾನಕ್ಕೆ ಬ್ಯಾರೆ ಬರ್ದು ಕೊಡಾಣ ಅಂತ ಒರ್ಸ್ತಾ ಓದೆ. ಆಮೇಲ್ ಕೈ ಕೇಳ್ನಿಲ್ಲ.”

ಅಪ್ಪನೇ ಎದ್ದು ಬಂದು ಮೌಸು ಹಿಡಿದರು. “ಇಲ್ಲೂ ಒರ್ಸ್ಬುಡಾಣ” ಎಂದು ಸ ಮೇಲೆ ಒತ್ತಿ ಅಳಿಸಿದರು. ಸ ಹೋಯಿತು. ಉಳಿಸಲು ಹೋದರೆ ಕಂಪ್ಯೂಟರು ಇಲ್ಲಿ ಬರೆಯಲು ಅನುಮತಿ ಇಲ್ಲ ಎಂದಿತು. ಮುಚ್ಚಿ ಮತ್ತೆ ತೆರೆದರು. ಸ ಬಂದು ತನ್ನ ಜಾಗದಲ್ಲೇ ಕೂತಿತ್ತು. ಮತ್ತೊಮ್ಮೆ ಒರೆಸಿದರು. ಮತ್ತೊಮ್ಮೆ ಬಂತು. ಜೀವಮಾನವಿಡೀ ಒರೆಸಿದ ಮನುಷ್ಯನಿಗೆ ಇಂಥ ಗೋಡೆ ಎದುರಾಗಿರಲಿಲ್ಲ. ಅವರು ಹೊರಗೆ ಹೋಗಿ ಮಹಡಿಯ ಕಡೆ ಮುಖ ಮಾಡಿ ಕೂಗಿದರು.

“ಸವಿತಮ್ಮಾ, ಇದೇನಿದು ನಿನ್ ಮಿಸೀನು ಒರ್ಸಕ್ಕೇ ಬಿಡಲ್ಲಾಂತದಲ್ಲ!”

ಆ ತಿಂಗಳು ರಾತ್ರಿ ಪಾಳಿಯಾದ್ದರಿಂದ ಹಗಲು ಮನೆಯಲ್ಲಿರುತ್ತಿದ್ದ ಸವಿತಾ ಬಟ್ಟೆ ಒಣಹಾಕುತ್ತಿದ್ದವಳು ಮೇಲಿನಿಂದ ಬಗ್ಗಿ ನೋಡಿದಳು. “ಬಿಡಾಂಗಿಲ್ರಿ ಅಪ್ಪಾರ! ಅದಕ್ಕ ಇಟ್ಟೇನ್ರಿ ಅದನ್ನ!”

ನನಗೆ ಅಳುವ ಹೊತ್ತಿನಲ್ಲಿ ನಗು ಬಂತು. ಅಪ್ಪ ನಗಲಿಲ್ಲ. ಅವರಿಗೆ ಒಪ್ಪಿಗೆಯಾಗದ ಅಕ್ಷರವನ್ನು ರಸ್ತೆಯಲ್ಲಿ ನೇತುಹಾಕುವ ಅಧಿಕಾರ ನನಗಿಲ್ಲ ಎನಿಸಿತು. ನಕಲು ತೆಗೆದುಕೊಳ್ಳದೆ ಹಾಗೇ ಮುಚ್ಚಿದೆ. ಎರಡು ದಿನ ಬಿಟ್ಟು ಬಂದ ಮುನಿರಾಜಣ್ಣನಿಗೆ ಇದ್ದ ವಿಷಯ ಹೇಳಿದೆ. ಅವರು ನನ್ನ ಹತ್ತಿರ ಹೆಚ್ಚು ಮಾತಾಡದೆ ಜಗಲಿಯಲ್ಲಿದ್ದ ಅಪ್ಪನ ಪಕ್ಕಕ್ಕೆ ಹೋಗಿ ಕೂತರು. ನಾನು ಒಳಗಿನಿಂದ ಕೇಳಿಸಿಕೊಂಡೆ.

“ನಂಜಣ್ಣ, ಬೆಂಡಿಲ್ದಿರೋ ಚಕ್ರ ಒಂದ್ ತೋರ್ಸು ನೋಡಾಣ. ಇಷ್ಟ್ ವರ್ಸದಿಂದ ಬೆಂಡ್ ತೆಗೀತಾನೇ ಇವ್ನಿ, ಒಂದಾದ್ರೂ ಪೂರಾ ನೆಟ್ಟಗಾಗೈತಾ? ಓಡ್ತದಲ್ಲ, ಅಷ್ಟ್ ಸಾಕು.”

“ನಿನ್ ಚಕ್ರ ಯಾರೂ ಓದಾಕಿಲ್ಲ ಕಣೋ.”

“ನಿನ್ ಬೋರ್ಡ್ನೂ ಯಾರೂ ಓದಲ್ಲ. ನೋಡ್ತಾರೆ. ದೂರದಿಂದ್ಲೇ ಇದು ನಂಜಣ್ಣಂದು ಅಂತ ಗೊತ್ತಾದ್ರಾಯ್ತು. ಬೋರ್ಡಿಲ್ದೇ ಇರ್ತೀನಿ, ಬ್ಯಾರೇದ್ ಆಕ್ಸಲ್ಲ” ಎಂದು ಮುನಿರಾಜಣ್ಣ ಟೀ ಕುಡಿದು ಎದ್ದುಹೋದರು.

ಸೋಮವಾರ ಬಂತು. ನಾನು ಎಂದಿನಂತೆ ಪೇಟೆಗೆ ಹೋಗಿ ಕಾಗದದ ಕಟ್ಟು ಹೊತ್ತು ಬಂದೆ. ಅಪ್ಪ ಇಸ್ಪೀಟು ಆಡುತ್ತಿದ್ದರು. ಮಾರನೆಯ ದಿನ ಊಟವಾದ ಮೇಲೆ, ಯಾಕೆಂದು ಗೊತ್ತಿಲ್ಲ, ‘ಹಿಂದಿನದು’ ಒತ್ತಿದೆ. ಭಾನುವಾರದ ಫೋಲ್ಡರಿನಲ್ಲಿ ‘ಅಪ್ಪನ ಅಕ್ಷರ’ ತೆರೆದೆ. ಅದೇ ಖಾಲಿ ಜಾಗಗಳು. ಸೋಮವಾರದ್ದನ್ನು ತೆರೆದೆ. ರ ಇತ್ತು. ಜ ಇತ್ತು. ಸ, ಷ ಇದ್ದವು. ಹೋದವೆಲ್ಲ ಬಂದಿದ್ದವು, ತಮ್ಮತಮ್ಮ ಜಾಗದಲ್ಲಿ, ನಾನು ಕೂರಿಸಿದ್ದಕ್ಕಿಂತ ಒಪ್ಪವಾಗಿ. ಝ ಮಾತ್ರ ಇರಲಿಲ್ಲ. ಅದನ್ನು ಹಳೆಯ ಸೋಮವಾರವೊಂದರಲ್ಲಿ ಹುಡುಕಿ ನೋಡಿದೆ. ಅದು ನಿಜಕ್ಕೂ ಚೆನ್ನಾಗಿರಲಿಲ್ಲ.

ಮೇಲೆ ಹೋಗಿ ಸವಿತಾಳ ಬಾಗಿಲು ತಟ್ಟಿದೆ. ಅವಳು ನನ್ನ ಮುಖ ನೋಡಿದವಳೇ ಎರಡೂ ಕೈ ಎತ್ತಿದಳು. “ನನ್ನೇನೂ ಕೇಳಬ್ಯಾಡ್ರಿ ಅಕ್ಕಾರ. ಅಪ್ಪಾರು ಹೇಳಬ್ಯಾಡ ಅಂದಾರ. ನಕಲು ತಗೊಳ್ಳೂದು ಹ್ಯಾಂಗ ಅಂತ ಕೇಳಿದ್ರು, ತೋರಿಸೇನಿ. ಉಳಿದದ್ದೆಲ್ಲ ಅವರ ಮಾಡ್ಯಾರ. ಮಧ್ಯಾಹ್ನದಿಂದ ಸಂಜಿತನಕ ಕುಂತಿದ್ರು.” ನಾನು ಅವಳ ಕೈ ಹಿಡಿದುಕೊಂಡೆ. ಅವಳು “ಸಾಕ್ ಬಿಡ್ರಿ, ಚಾ ಮಾಡಲೇನು?” ಎಂದಳು.

ಬೋರ್ಡು ಹಳದಿಯ ಮೇಲೆ ಕೆಂಪಿನಲ್ಲಿ, ಕೆಳಗಿನ ಪಂಚರ್ ಸಾಲು ಕಪ್ಪಿನಲ್ಲಿ, ಅಚ್ಚಾಗಿ ಬಂತು. ಹಾಕುವ ದಿನ ಕೆಲಸದವನು ಡ್ರಿಲ್ ಮೆಷಿನ್ ತೆಗೆಯುವ ಹೊತ್ತಿಗೆ ಅಪ್ಪ ಅಟ್ಟದಿಂದ ದಾರದ ಉಂಡೆ ತೆಗೆಸಿಕೊಂಡು ರಸ್ತೆ ದಾಟಿ ಬಂದರು. “ಗೆರೆ ಒಡೀದೇ ಬೋರ್ಡ್ ಆಕ್ತೀರಾ? ದಾರ ಇಡ್ಕ ಅಮ್ಮಣ್ಣಿ.” ನಾನು ಒಂದು ತುದಿ ಹಿಡಿದೆ. ಅವರು ಇನ್ನೊಂದು ತುದಿಯನ್ನು ಗೋಡೆಗೆ ಒತ್ತಿದರು. ದಾರ ಸಣ್ಣಗೆ ನಡುಗುತ್ತಿತ್ತು. ನಾನು ಬಿಗಿಯಾಗಿ ಎಳೆದು ಹಿಡಿದೆ, ನಡುಕ ನಿಂತಿತು. “ನೀನೇ ಒಡಿ” ಎಂದರು. ಮೀಟಿದೆ. ಪಟ್ಟೆಂದಿತು. ಬಿಳಿ ಗೆರೆ ಒಂದೇ ಒಂದಾಗಿ, ನೆಟ್ಟಗೆ ಬಿದ್ದಿತ್ತು. ಮುನಿರಾಜಣ್ಣ ರಸ್ತೆಯ ಆಚೆ ಹೋ‌ಗಿ ನಿಂತು ಬೋರ್ಡು ನೋಡಿ “ನಂಜಣ್ಣಂದೇ” ಎಂದು ಕೂಗಿದರು. ಅಪ್ಪ ಸೊಂಟದಲ್ಲಿ ಬಟ್ಟೆ ಇದೆಯೇ ಎಂದು ಒಮ್ಮೆ ತಡಕಿಕೊಂಡಿದ್ದನ್ನು ನಾನು ನೋಡಿದೆ. ಪುಣ್ಯಕ್ಕೆ ಇರಲಿಲ್ಲ.

ಸವಿತಾ ಈಗ ಮದುವೆಯಾಗಿ ಎಲೆಕ್ಟ್ರಾನಿಕ್ ಸಿಟಿಯ ಕಡೆ ಮನೆ ಮಾಡಿದ್ದಾಳೆ. ಅವಳ ಕಾರ್ಡನ್ನು ನಾನೇ ಮಾಡಿದೆ, ಖಾಲಿ ಹಾಳೆಯಿಂದ ಶುರು ಮಾಡಿ, ಅಪ್ಪನ ಅಕ್ಷರದಲ್ಲಿ. ಅವಳಿಗೆ ಬೇರೆ ಏನು ಕೊಟ್ಟರೂ ನನ್ನ ಋಣ ತೀರುತ್ತಿರಲಿಲ್ಲ. ಅವಳಿಗೂ, ಆ ಮೆಟ್ಟಿಲ ಕೆಳಗಿನ ಮುದಿ ಯಂತ್ರಕ್ಕೂ ನಾನು ದಿನಾ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ನನ್ನ ಕಣ್ಣು ತಪ್ಪಿಸಿ ಅಪ್ಪ ಒಬ್ಬರೇ ಅನುಭವಿಸಿದ ಆ ಸೋಮವಾರಗಳನ್ನು ಅದು ನನಗಾಗಿ ಎತ್ತಿಟ್ಟಿತ್ತು. ಅದೇ ಯಂತ್ರ, ಅವರು ಮನಸ್ಸು ಬದಲಿಸಿದ ಸೋಮವಾರವನ್ನೂ ಎತ್ತಿಟ್ಟಿತು.

ಇವತ್ತೂ ಊಟವಾದ ಮೇಲೆ ಅಲ್ಲಿಗೇ ಹೋಗಿದ್ದೆ. ಭಾನುವಾರ, ಸೋಮವಾರ ಎರಡನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡು ಕೂತಿದ್ದೆ. ಎದುರಿಗೆ ರಸ್ತೆಯಾಚೆ ಪಂಚರ್ ಹಾಕಲಾಗುವುದು ಎಂದು ಕಾಣುತ್ತಿತ್ತು.

“ಇವತ್ತು ಯಾವ ದಿನ್ದಾಗಿದ್ದೀಯ ಅಮ್ಮಣ್ಣಿ?”

“ಸೋಮವಾರದಲ್ಲಿ, ಅಪ್ಪ.”

ಯಾವ ಸೋಮವಾರ ಎಂದು ಅವರು ಕೇಳಲಿಲ್ಲ. ಸ್ಟೂಲು ಸರಿದ ಸದ್ದಾಯಿತು, ತಟ್ಟೆಯ ಮೇಲೆ ಲೋಟ ಟಕಟಕ ಎನ್ನುತ್ತ ಹತ್ತಿರ ಬಂತು.

“ಸಾಕು, ಈಚೆಗ್ ಬಾ. ಟೀ ಆರೋಯ್ತದೆ.”